ಅಪ್‌ಗ್ರೇಡ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಅಪ್‌ಗ್ರೇಡ್ ರಾಯರು ಸಿಗುತ್ತಾರೆ. ಹಗಲೆಲ್ಲ ಕಂಪನಿಯ ಸರ್ವರ್‌ಗಳನ್ನು ಕಾಯುವ ಈ ಆಸಾಮಿ, ದಣಿವಾರಿಸಿಕೊಳ್ಳಲೆಂದು ರಾತ್ರಿ ಮನೆಯ ಸರ್ವರ್ ಕಾಯುತ್ತಾರೆ. ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಹಳೇ ಕ್ಸಿಯಾನ್ ಡಬ್ಬ ದೇವರ ಕೋಣೆಯ ಪಕ್ಕದಲ್ಲಿ ಗುಂಯ್‌ಗುಡುತ್ತಿರುತ್ತದೆ. ‘ಇದರಿಂದ ಏನುಪಯೋಗ?’ ಎಂದರೆ ‘ಕಲಿಯೋಕೆ’ ಎನ್ನುತ್ತಾರೆ. ಕಲಿತಿರುವುದು ನಿಜ. ಅವರು ವರ್ಚುವಲೈಸೇಶನ್, ಹೆಂಡತಿ ತಾಳ್ಮೆ.

ರಾಯರ ವ್ರತ ಒಂದೇ: ಸರಿಯಾಗಿ ಓಡುತ್ತಿರುವುದನ್ನು ಓಡಲು ಬಿಡಬಾರದು. 2020ರಲ್ಲಿ, ಒಂದೇ ಡಬ್ಬದಲ್ಲಿ ಹಲವು ವರ್ಚುವಲ್ ಮಷಿನ್ (ವಿಎಂ) ಓಡಿಸುವ ಇಎಸ್‌ಎಕ್ಸ್‌ಐ ತಂತ್ರಾಂಶದ 7ನೇ ಆವೃತ್ತಿ ಬಂತು, ಲಿನಕ್ಸ್ ಮೂಲದ ಹಳೇ ಡ್ರೈವರ್‌ಗಳನ್ನು ಕೈಬಿಟ್ಟಿತು. ಅವನ್ನೇ ನಂಬಿದ್ದ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡ್ ಅದರ ಕಣ್ಣಿಗೇ ಬೀಳಲಿಲ್ಲ. ರಾಯರು ಇಂಟೆಲ್ ಕಾರ್ಡ್ ತಂದರು. 2022ರಲ್ಲಿ 8 ಬಂತು, 2012ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ತನಗಾಗದು ಎಂದಿತು. ಬೂಟ್ ಆಗುವಾಗ ‘ಅಲೋ ಲೆಗಸಿ ಸಿಪಿಯು’ ಎಂದು ಒಂದು ಸಾಲು ಸೇರಿಸಿ ಹೇಗೋ ನುಸುಳಿಸಿದರು. ಹೊಸ ಸರ್ವರ್ ಕೊಂಡವರಿಗೆ ಈ ಸುಖವೆಲ್ಲಿ?

ಅಪ್‌ಗ್ರೇಡಿಗೂ ಮದುವೆ ಮನೆಯ ಪಂಕ್ತಿಯ ಹಾಗೆ ಒಂದು ಮರ್ಯಾದೆ ಇದೆ: ಮೊದಲು ಯಜಮಾನಿಕೆ ನಡೆಸುವ ವಿಸೆಂಟರ್ ಕೂರಬೇಕು, ಆಮೇಲೆ ಅದರ ಕೈಕೆಳಗಿನ ಹೋಸ್ಟ್‌ಗಳು, ಅಂದರೆ ಇಎಸ್‌ಎಕ್ಸ್‌ಐ ಓಡುವ ಡಬ್ಬಗಳು. ಆಫೀಸಿನ ಹುಡುಗರಿಗೆ ಇದನ್ನು ಬೋಧಿಸುವವರು ರಾಯರೇ. ಆದರೆ ವಿಸೆಂಟರ್ 8 ತೀರಾ ಸಣ್ಣ ಅಳತೆಯಲ್ಲೂ 14 ಜಿಬಿ ರ್ಯಾಮ್ ಕೇಳುತ್ತದೆ, ಡಬ್ಬದಲ್ಲಿರುವುದೇ 32. ಹಾಗಾಗಿ ‘ಇದೊಂದು ಸಲ’ ಹೋಸ್ಟಿಗೇ ಮೊದಲ ಎಲೆ ಹಾಕಿದರು. ಹಳೇ ವಿಸೆಂಟರ್ ಹೊಸ ಹೋಸ್ಟನ್ನು ಒಪ್ಪಲಿಲ್ಲ. ಸರಿ, ಶಿಫ್ಟ್ ಆರ್ ಒತ್ತಿ 7ಕ್ಕೇ ಮರಳಿದರು. ಅಷ್ಟರೊಳಗೆ ಕೈ ಸುಮ್ಮನಿರದೆ ವಿಎಂಗಳ ಹಾರ್ಡ್‌ವೇರ್ ವರ್ಶನ್ನನ್ನೂ 19ರಿಂದ 20ಕ್ಕೆ ಏರಿಸಿಬಿಟ್ಟಿದ್ದರು. 20ನೇ ವರ್ಶನ್ನಿನ ವಿಎಂ 7ರ ಮೇಲೆ ಏಳುವುದಿಲ್ಲ. ಏರಿಸುವ ಬಟನ್ ಇದೆ, ಇಳಿಸುವ ಬಟನ್ ಇಲ್ಲ. ಆ ವಿಎಂಗಳಲ್ಲೊಂದು ಮನೆಯ ರೂಟರ್, ಇನ್ನೊಂದು ಡಿಎನ್‌ಎಸ್.

“ರೀ, ವೈಫೈ ಯಾವಾಗ ಬರುತ್ತೆ? ಅತ್ತೆ ಸೀರಿಯಲ್ ಅರ್ಧಕ್ಕೇ ನಿಂತಿದೆ.”

“ಪ್ಲಾನ್ಡ್ ಮೇಂಟೆನೆನ್ಸ್ ಕಣೇ.”

“ಯಾರು ಪ್ಲಾನ್ ಮಾಡಿದ್ದು?”

ಮದ್ದು ಸುಲಭ: 19ನೇ ವರ್ಶನ್ನಿನ ಹೊಸ ವಿಎಂ ಮಾಡಿ, ಹಳೇ ಡಿಸ್ಕ್ ಅದಕ್ಕೆ ತಗುಲಿಸಿದರೆ ಆಯಿತು. ಆದರೆ ರಾಯರಿಗೆ ಮೊದಲು ‘ರೂಟ್ ಕಾಸ್’ ಸಿಗಬೇಕು. ಅದು ಕೀಬೋರ್ಡಿನ ಮುಂದೆಯೇ ಕೂತಿದೆ ಎಂದು ಹೇಳುವ ಧೈರ್ಯ ಯಾರಿಗಿದೆ? ಇದ್ದದ್ದು ಅವರ ತಾಯಿಗೆ. “ಮೇಲಿನ ಮನೆಯವರದ್ದು ಒಂದೇ ಡಬ್ಬಿ ಕಣೋ, ಎಲ್ಲಾ ಬರುತ್ತೆ. ನಿನಗ್ಯಾಕೋ ಇಷ್ಟೊಂದು ಮಿಷನ್ನು?” ಇದಕ್ಕಿಂತ ಖಚಿತವಾದ ಆರ್ಕಿಟೆಕ್ಚರ್ ರಿವ್ಯೂ ಅವರ ಕಂಪನಿಯಲ್ಲೂ ನಡೆದಿರಲಾರದು.

2024ರ ಫೆಬ್ರುವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತಾಗ ರಾಯರು ಅದೇ ಕೆಲಸ ಮಾಡುವ, ವಿಯೆನ್ನಾದ ಪ್ರಾಕ್ಸ್‌ಮಾಕ್ಸ್‌ಗೆ ಹಾರಿದರು. ‘ಇನ್ನು ಈ ಗೋಳಿಲ್ಲ’ ಎಂದು ಮನೆಮಂದಿಗೆ ಮಾತೂ ಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಉಚಿತ ಇಎಸ್‌ಎಕ್ಸ್‌ಐ ಮತ್ತೆ ಬಂತು. ಅದಕ್ಕೆಂದೇ ಎರಡನೇ ಡಬ್ಬ ಬಂತು. ಆಗಸ್ಟ್‌ನಲ್ಲಿ ಪ್ರಾಕ್ಸ್‌ಮಾಕ್ಸ್ 9 ಬಂತು. ಹೊಸ ಕರ್ನಲ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರೇ ಬದಲಾಗಬಹುದೆಂದು ಸೂಚನೆಯಲ್ಲೇ ಬರೆದಿದೆ. ರಾಯರು ಅದನ್ನು ಓದಿದರು, ನೆಟ್ ಹೋದ ಮೇಲೆ, ಹೆಂಡತಿಯ ಹಾಟ್‌ಸ್ಪಾಟ್‌ನಲ್ಲಿ.

ಇಂಥವರ ಮನೆಗೆ ಊಟಕ್ಕೆ ಹೋಗುವುದಿದ್ದರೆ ಶನಿವಾರ ಬೇಡ. ಮೊಬೈಲಿಗೆ ಡೇಟಾ ಹಾಕಿಸಿಕೊಂಡೇ ಹೋಗಿ. ‘ಲ್ಯಾಬ್‌ನಲ್ಲಿ ಏನು ಹೊಸದು?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ.