ಭಾವನ ಡಾಟ್ ಕಾಮ್

ಸಾಗರದ ನಮ್ಮ ಭಾವ ಅಡಿಕೆ ಕೊನೆ ಕೊಯ್ಯುವುದೊಂದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ದುಡ್ಡು ಕೊಟ್ಟು ಜನ ಕರೆಸಿದವರಲ್ಲ. ಪಂಪ್‌ಸೆಟ್ಟನ್ನು ಅವರೇ ಬಿಚ್ಚುತ್ತಾರೆ, ಮಿಕ್ಸಿಯನ್ನೂ ಅವರೇ ಬಿಚ್ಚುತ್ತಾರೆ. ಜೋಡಿಸುವ ವಿಚಾರ ಬೇರೆ. ಹೀಗಿರುವಾಗ ಅಕ್ಕನ ಅಪ್ಪೆಮಿಡಿ ಉಪ್ಪಿನಕಾಯಿಗೆ ನೆಂಟರಾಚೆಗೂ ಗಿರಾಕಿ ಹುಟ್ಟಿಕೊಂಡು, ವೆಬ್‌ಸೈಟ್ ಬೇಕು ಎಂಬ ಮಾತು ಮನೆಯೊಳಗೆ ಬಂದಾಗ, ಅದನ್ನು ಯಾರು ಮಾಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. "ವರ್ಡ್‌ಪ್ರೆಸ್ ಅಂತ ಒಂದಿದೆಯಂತೋ, ಪುಕ್ಕಟೆ!" ಎಂದರು ಭಾವ. 2003ರಿಂದ ಜಗತ್ತಿಗೆಲ್ಲ ಪುಕ್ಕಟೆ ಸಿಗುತ್ತಿರುವ ವರ್ಡ್‌ಪ್ರೆಸ್ ನಮ್ಮ ಅಕ್ಕನ ಮನೆಯ ಜಗಲಿಗೆ ಬಂದದ್ದು ಹೀಗೆ.

ಮೊದಲು ಥೀಮ್ ಆರಿಸಿದರು. ಅದರ ನೆತ್ತಿಯ ಮೇಲೆ ಟೈ ಕಟ್ಟಿದ ಇಬ್ಬರು ಬಿಳಿಯರು ಕೈಕುಲುಕುತ್ತ ನಿಂತಿದ್ದರು. ಅವರನ್ನು ತೆಗೆಯುವುದು ಹೇಗೆಂದು ತಿಳಿಯದೆ, ಅವರ ಕಾಲಬುಡದಲ್ಲೇ 'ಜೀರಿಗೆ ಅಪ್ಪೆ, ಅರ್ಧ ಕೆಜಿ' ಎಂದು ಹಾಕಿದ್ದಾಯಿತು. ಅಂತೂ ವ್ಯಾಪಾರ ಕುದುರಿದ ಹಾಗೆ ಕಾಣುತ್ತಿತ್ತು.

'ನಮ್ಮ ಬಗ್ಗೆ' ಪುಟಕ್ಕೆ ಭಾವ ಮುತ್ತಜ್ಜನಿಂದ ಶುರುಮಾಡಿದರು. ಪುಟ ಏರಿದ ಸಂಜೆಯೇ ದಾಯಾದಿಗಳ ಫೋನು: ದೊಡ್ಡಪ್ಪನ ಹೆಸರು ಯಾಕೆ ಬಿಟ್ಟಿರಿ? ಆಸ್ತಿ ಪಾಲಾದಾಗಲೂ ಇಷ್ಟು ಬಿಸಿ ಏರಿರಲಿಲ್ಲ ಎನ್ನುತ್ತಾಳೆ ಅಕ್ಕ.

ನಿಜವಾದ ಫಜೀತಿ ಅಕ್ಷರದ್ದು. ಸೊಸೈಟಿ ಕಾರ್ಯದರ್ಶಿಯಾಗಿದ್ದಾಗ ಕಲಿತ 'ನುಡಿ' ತಂತ್ರಾಂಶದಲ್ಲೇ ಭಾವ ಎಲ್ಲವನ್ನೂ ಟೈಪಿಸಿ ತಂದು ಅಂಟಿಸಿದ್ದರು. ಆ ಹಳೆಯ ಫಾಂಟುಗಳ ಒಳಗುಟ್ಟೇನೆಂದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಅವು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳು. ಫಾಂಟ್ ಇರುವ ಯಂತ್ರದಲ್ಲಿ ವೇಷ ನಿಲ್ಲುತ್ತದೆ, ಇಲ್ಲದ ಕಡೆ ಬಣ್ಣ ಕಳಚುತ್ತದೆ. ಮನೆಯಲ್ಲಿ ಚಂದ ಕಂಡ ಪುಟ ಬೆಂಗಳೂರಿನ ಮಗಳ ಮೊಬೈಲಿನಲ್ಲಿ ಬರೀ ಕೊಂಬು, ಟೊಪ್ಪಿಗೆ, ಚುಕ್ಕಿ. 'ನ' ಇದ್ದಲ್ಲೆಲ್ಲ ಪೌಂಡ್ ಚಿಹ್ನೆ. "ಅಪ್ಪಾ, ಲಂಡನ್ನಿಗೂ ಕಳಿಸ್ತಿದ್ದೀರಾ?" ಎಂದು ಅವಳು ಕೇಳಿದಳು. ಭಾವ ಅರೆಕ್ಷಣ ಹಿಗ್ಗಿದರು.

ಕೊನೆಗೆ ಅಕ್ಕನೇ ಶಿವಮೊಗ್ಗದ ಹುಡುಗನೊಬ್ಬನನ್ನು ಗೊತ್ತುಮಾಡಿದಳು. ಹುಡುಗ ಚುರುಕು. ಕೈಕುಲುಕುವವರು ಮಾಯವಾದರು, ಪುಟ ಮೊಬೈಲಿಗೆ ಹೊಂದಿಕೊಂಡಿತು, ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಬಂತು, ಯುಪಿಐಯಲ್ಲಿ ದುಡ್ಡು ಕಟ್ಟುವ ವ್ಯವಸ್ಥೆಯಾಯಿತು. ಇಂಥದ್ದಕ್ಕೆಲ್ಲ ಬಲ್ಲವರಿಗೆ ಕಾಸು ಕೊಡುವುದೇ ಸರಿ. ಕರೆಂಟಿನ ಕೆಲಸ ಯಾರೂ ಪುಸ್ತಕ ಓದಿ ಮಾಡಬಾರದು. ಆದರೆ ಇಷ್ಟಾದ ಮೇಲೆ ಹುಡುಗ ಕೈಕಟ್ಟಿ ಕೂತ. "ಸರ್, ಕಂಟೆಂಟ್ ಕಳಿಸಿ."

ಭಾವನಿಗೆ ಆಘಾತ. "ಅಲ್ಲ ಮಾರಾಯ, ಕೊಟ್ಟ ದುಡ್ಡಿನಲ್ಲಿ ಅದೂ ಸೇರಿಲ್ಲವಾ?" ಸೇರಿರಲಿಲ್ಲ. ನಮ್ಮ ಮಿಡಿ ಯಾವ ಹೊಳೆ ಬದಿಯದು, ಸೊನೆಯ ಪರಿಮಳ ಎಂಥದ್ದು, ಅನಂತಭಟ್ಟನ ಅಪ್ಪೆಗೂ ಕರ್ಪೂರ ಅಪ್ಪೆಗೂ ಏನು ಭೇದ ಎಂಬುದು ಶಿವಮೊಗ್ಗದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಭಾವ ಹಟಕ್ಕೆ ಬಿದ್ದು ಕಳಿಸಲಿಲ್ಲ. ಅವನೂ ಹಟಕ್ಕೆ ಬಿದ್ದು ಲೋರೆಮ್ ಇಪ್ಸಮ್ ತುಂಬಿಸಿಟ್ಟ. ಮಾತು ಸಿಗುವವರೆಗೆ ಜಾಗ ಹಿಡಿದಿಡಲು ಮುದ್ರಣದವರು ಬಳಸುವ ಈ ಲ್ಯಾಟಿನ್, ರೋಮಿನ ಸಿಸೆರೋ ಕ್ರಿ.ಪೂ. 45ರಲ್ಲಿ ಬರೆದ ತತ್ತ್ವಗ್ರಂಥದ ಚೂರುಪಾರು. ನಮ್ಮ ಜಾಡಿಗಳ ಕೆಳಗೆ ಮಳೆಗಾಲವಿಡೀ ಸಿಸೆರೋ ಇದ್ದ. ಮೇಲುಗಡೆ ಲೋಗೋದಲ್ಲಿ 'ಉಪ್‌ಪಿನಕಾಯಿ' ಎಂದಿತ್ತು, ಒತ್ತಕ್ಷರ ಹಿಡಿಸದ ಸಾಫ್ಟ್‌ವೇರಿನ ಕೃಪೆ.

ಅಕ್ಕ ಒಂದು ಮಧ್ಯಾಹ್ನ ಸೌಟು ಕೆಳಗಿಟ್ಟು ಹುಡುಗನಿಗೆ ಫೋನು ಹಚ್ಚಿ, "ಬರ್ಕೋ ತಮ್ಮಾ" ಎಂದಳು. ಅವನು ಒಂದಕ್ಷರ ಬಿಡದೆ ಬರೆದುಕೊಂಡ. ಹಾಗಾಗಿ ಈಗ ಮುಖಪುಟದಲ್ಲೇ 'ಒದ್ದೆ ಚಮಚ ಹಾಕಿದರೆ ಹಾಳಾಗುತ್ತದೆ, ಆಮೇಲೆ ನನಗೆ ಫೋನು ಮಾಡಬೇಡಿ' ಎಂದಿದೆ. ಅದರ ಕೆಳಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು. ಗಿರಾಕಿಗಳಿಗೆ ಎರಡರಲ್ಲೂ ನಂಬಿಕೆ ಬಂದಿದೆ. ಇದನ್ನು ಯಾವ ಏಜೆನ್ಸಿಯೂ ಬರೆದುಕೊಡುತ್ತಿರಲಿಲ್ಲ.

ಸೈಟಿನ ಹೆಸರನ್ನು ಹುಡುಗ ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದು ಆಮೇಲೆ ತಿಳಿಯಿತು. ಕೆಟ್ಟ ಉದ್ದೇಶವೇನಿರಲಿಲ್ಲ, ಸುಲಭವಾಯಿತು ಅಂತ ಮಾಡಿದ್ದ. ಪಹಣಿ ಇನ್ನೊಬ್ಬರ ಹೆಸರಿನಲ್ಲಿದೆ ಎಂದು ಕೇಳಿದ ಮಲೆನಾಡಿನವನ ಮುಖ ಹೇಗಾಗಬೇಕೋ ಭಾವನದು ಹಾಗಾಯಿತು. ಅಂದೇ ಶಿವಮೊಗ್ಗದ ಬಸ್ಸು ಹತ್ತಿ ಬದಲಾಯಿಸಿಕೊಂಡು ಬಂದರು.

ಮರುವರ್ಷ ನವೀಕರಣದ ಬಿಲ್ಲು ಬಂತು. ಮೊದಲ ವರ್ಷದ ರಿಯಾಯಿತಿ ಅದರಲ್ಲಿರಲಿಲ್ಲ.

"ಇದೆಂತದೋ? ಹೋದ ವರ್ಷ ಕೊಂಡಾಗಿತ್ತಲ್ಲ!"

"ಡೊಮೈನ್ ಕೊಳ್ಳಲಿಕ್ಕೆ ಬರುವುದಿಲ್ಲ ಭಾವ. ಗೇಣಿಗೆ ಹಿಡಿದ ಹಾಗೆ. ಒಟ್ಟಿಗೆ ಕಟ್ಟಿದರೂ ಹೆಚ್ಚೆಂದರೆ ಹತ್ತು ವರ್ಷಕ್ಕೆ."

1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿದು. ಗೇಣಿ ಎಂದದ್ದೇ ಭಾವ ನೆಟ್ಟಗೆ ಕೂತರು. ಕನ್ನಡಕ ಒರೆಸಿ ಬಿಲ್ಲನ್ನು ಇನ್ನೊಮ್ಮೆ ಓದಿದರು.

"ಉಳುಮೆ ಮಾಡ್ತಾ ಇರೋದು ನಾವು ತಾನೇ? ಡಿಕ್ಲರೇಶನ್ ಹಾಕಲಿಕ್ಕೆ ಬರ್ತದಾ, ಆ ಹುಡುಗನ ಹತ್ರ ಕೇಳು."