ಗೇಟ್ ಮೀಮಾಂಸೆ: ಹೊರ ಬೆಂಗಳೂರಿನ ಅನುಮತಿಶಾಸ್ತ್ರ ಮತ್ತು ರಿಜಿಸ್ಟರ್ ಸಿದ್ಧಾಂತ

ಹೊರ ಬೆಂಗಳೂರಿನ ವಿದ್ವತ್ ಪರಂಪರೆಯಲ್ಲಿ ಮೂರು ಪಂಥಗಳುಂಟು: ವೈಟ್‌ಫೀಲ್ಡಿನ ಸ್ವೈಪ್ ಪಂಥ, ಎಲೆಕ್ಟ್ರಾನಿಕ್ ಸಿಟಿಯ ಸ್ಟಿಕ್ಕರ್ ಪಂಥ, ಪೀಣ್ಯದ ಚಲನ್ ಪಂಥ. ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದಿದ್ದರೂ ಒಂದು ವಿಷಯದಲ್ಲಿ ಮೂವರದೂ ಏಕಾಭಿಪ್ರಾಯ. ಜಗತ್ತಿನಲ್ಲಿರುವುದು ಎರಡೇ ಪದಾರ್ಥ, ಗೇಟು ಮತ್ತು ರಿಜಿಸ್ಟರು. ಮಿಕ್ಕಿದ್ದೆಲ್ಲ ಪಾರ್ಕಿಂಗು.

2011ರಲ್ಲಿ ಟಾಮ್ ಕ್ರಿಸ್ಟಿ ಎಂಬ ಆಂಗ್ಲ ಪಂಡಿತರು ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್ ಎಂಬ ತಂತ್ರಾಂಶ ಗ್ರಂಥವನ್ನು ಲೋಕಕ್ಕೆ ಕೊಟ್ಟರು. ಅದರಲ್ಲಿ ಗೇಟಿಗೆ ಪರ್ಮಿಶನ್ ಎಂದೂ ರಿಜಿಸ್ಟರಿಗೆ, ಅಂದರೆ ದತ್ತಾಂಶವನ್ನು ಮಡಿಸಿ ಕಳಿಸಿ ಮರಳಿ ಬಿಚ್ಚುವ ವಿದ್ಯೆಗೆ, ಸೀರಿಯಲೈಜರ್ ಎಂದೂ ಹೆಸರು. ಇದನ್ನು ಹೊಸ ಶೋಧವೆಂದು ನಂಬಿದವರು ನಮ್ಮ ಟೆಕ್ ಪಾರ್ಕುಗಳ ತುಂಬ ಇದ್ದಾರೆ. ಅವರು ದಿನಾ ಬೆಳಗ್ಗೆ ದಾಟಿ ಬರುವ ಗೇಟಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಸೆಕ್ಯುರಿಟಿಯವರು ಈ ಎರಡೂ ಶಾಸ್ತ್ರಗಳನ್ನು ಮೊದಲೇ ಮುಗಿಸಿಟ್ಟಿದ್ದಾರೆ ಎಂಬುದನ್ನು ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಪೂರ್ವೇತಿಹಾಸ. ಅನುಮತಿ ನಿರಾಕರಣೆಯ ಅತಿ ಪ್ರಾಚೀನ ಪ್ರಸಂಗ ವೈಕುಂಠದ್ದು. ಜಯ ವಿಜಯರು ಸನಕಾದಿ ಋಷಿಗಳನ್ನು ಬಾಗಿಲಲ್ಲಿ ತಡೆದರು. ಋಷಿಗಳು ಯಾರೆಂಬುದು ದ್ವಾರಪಾಲಕರಿಗೆ ತಿಳಿಯಲೇ ಇಲ್ಲವೆಂದು ಒಂದು ವಾದ. ತಿಳಿದೂ ಬಿಡಲಿಲ್ಲವೆಂದು ಇನ್ನೊಂದು. ಮೊದಲನೆಯದಾದರೆ ಅದು ವೆಬ್ ಭಾಷೆಯ 401, ‘ನೀನು ಯಾರು ಅಂತ ಗೊತ್ತಿಲ್ಲ’. ಎರಡನೆಯದಾದರೆ 403, ‘ಯಾರಂತ ಗೊತ್ತು, ಆದರೂ ಬಿಡಲ್ಲ’. ಈ ವ್ಯತ್ಯಾಸವನ್ನು ಇಂದಿಗೂ ಅನೇಕ ಎಂಜಿನಿಯರುಗಳು ಕಲಸಿಬಿಡುತ್ತಾರೆ. ಅವರಿಗೆ ಬಗ್ ಟಿಕೆಟ್ ಬರುತ್ತದೆ. ಜಯ ವಿಜಯರಿಗೆ ಮೂರು ರಾಕ್ಷಸ ಜನ್ಮ ಬಂತು. ಶಿಕ್ಷೆಯ ಪ್ರಮಾಣ ಇಳಿದಿದೆ ಎನ್ನಬಹುದು.

ಎರಡನೆಯ ಪ್ರಸಂಗ ಉಡುಪಿಯದು. ಕನಕದಾಸರಿಗೆ ಗುಡಿಯೊಳಗೆ ಪ್ರವೇಶ ಸಿಗಲಿಲ್ಲ, ದೇವರೇ ತಿರುಗಿ ಕಿಂಡಿಯಿಂದ ದರ್ಶನ ಕೊಟ್ಟ ಎಂದು ಐತಿಹ್ಯ. ಫ್ರೇಮ್‌ವರ್ಕಿನ ಪರಿಭಾಷೆಯಲ್ಲಿ ಇದು ರೀಡ್ ಓನ್ಲಿ: ನೋಡಬಹುದು, ಮುಟ್ಟುವಂತಿಲ್ಲ. ಗೆಟ್, ಹೆಡ್, ಆಪ್ಷನ್ಸ್ ಎಂಬ ಮೂರು ವಿಧಾನಗಳನ್ನು ಗ್ರಂಥ ‘ಸುರಕ್ಷಿತ’ ಎಂದು ವಿಂಗಡಿಸಿ, ಲಾಗಿನ್ ಆಗದವರಿಗೂ ಅಷ್ಟನ್ನು ಮಾತ್ರ ಬಿಡುವ ಪರ್ಮಿಶನ್ ಕ್ಲಾಸನ್ನು ಸಿದ್ಧವಾಗಿಯೇ ಇಟ್ಟಿದೆ. ಸಿಸ್ಟಮ್ಮು ತಾನಾಗಿಯೇ ಬಳಕೆದಾರನ ಕಡೆಗೆ ತಿರುಗಿದ ಉದಾಹರಣೆ ಮಾತ್ರ ಅದರ ದಾಖಲೆಗಳಲ್ಲಿ ಎಲ್ಲೂ ಇಲ್ಲ.

ವೈಟ್‌ಫೀಲ್ಡಿನ ಹುಟ್ಟೇ ಒಂದು ಕಸ್ಟಮ್ ಪರ್ಮಿಶನ್ ಕ್ಲಾಸು. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಅವರ ಮುಂದಾಳುತನದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಮುದಾಯಕ್ಕೆಂದು ಆ ಊರು ಕಟ್ಟಲಾಯಿತು. ಎಲೆಕ್ಟ್ರಾನಿಕ್ ಸಿಟಿಯದು ಬೇರೆ ಬಗೆ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿಗೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ಸಿಕ್ಕಿದಾಗ ಅಲ್ಲಿ ಗೇಟುಗಳಿರಲಿಲ್ಲ, ದನಗಳಿದ್ದವು. ಗ್ರಂಥದ ಡಿಫಾಲ್ಟ್ ಕೂಡ ಅದೇ: ನೀವು ಏನನ್ನೂ ಹೇಳದೆ ಬಿಟ್ಟರೆ ‘ಅಲೌ ಎನಿ’, ಯಾರು ಬೇಕಾದರೂ ಬರಲಿ. ಗೇಟನ್ನು ಬರೆದವನು ಬೀಗ ಹಾಕಲು ಮರೆತರೆ ಊರೆಲ್ಲ ಒಳಗೆ. ಬೀಗ ಹಾಕುವ ಸಾಲು ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೇ ಒಂದು, ಮತ್ತು ಅದನ್ನು ಬರೆಯುವ ಕೆಲಸ ಸದಾ ಮುಂದಿನ ಸ್ಪ್ರಿಂಟಿನದು.

ಈಗ ಮೂಲ ಸೂತ್ರಕ್ಕೆ ಬರೋಣ. ಗೇಟು ಎರಡು ಸಲ ಕೇಳುತ್ತದೆ. ಮೊದಲ ಪ್ರಶ್ನೆ ಹೊರಗೇಟಿನಲ್ಲಿ: ‘ಸಾರ್, ಐಡಿ?’ ಎರಡನೆಯದು ಲಿಫ್ಟಿನ ಬಳಿ: ‘ಯಾವ ಫ್ಲೋರು? ಯಾರನ್ನ ನೋಡಬೇಕು?’ ಮೊದಲನೆಯದು ಸಾಮಾನ್ಯ ಅನುಮತಿ, ಎರಡನೆಯದು ವಸ್ತುವಿಶೇಷದ ಅನುಮತಿ. ಫ್ರೇಮ್‌ವರ್ಕಿನಲ್ಲೂ ಇವು ಎರಡು ಬೇರೆ ಬೇರೆ ಫಂಕ್ಷನ್ನುಗಳು. ಇಲ್ಲೊಂದು ರಹಸ್ಯವಿದೆ, ಸ್ಟಿಕ್ಕರ್ ಪಂಥದವರು ಅದನ್ನು ಶಿಷ್ಯರಿಗೂ ಹೇಳುವುದಿಲ್ಲ. ಒಂದೇ ದಾಖಲೆಯನ್ನು ಕೇಳಿದರೆ ಎರಡನೆಯ ಪ್ರಶ್ನೆ ಬರುತ್ತದೆ. ಇಡೀ ಪಟ್ಟಿಯನ್ನೇ ಕೇಳಿದರೆ ಬರುವುದಿಲ್ಲ. ಒಂದೊಂದು ಸಾಲಿಗೂ ತಪಾಸಣೆ ನಡೆಸಿದರೆ ವೇಗ ಕುಸಿಯುತ್ತದೆಂಬ ಕಾರಣಕ್ಕೆ, ಪಟ್ಟಿಯನ್ನು ನೀವೇ ಮೊದಲು ಸೋಸಿಕೊಳ್ಳಿ ಎಂದು ಗ್ರಂಥ ಕೈ ತೊಳೆದುಕೊಂಡಿದೆ.

ಇದರ ಸಾಕ್ಷಾತ್ ದರ್ಶನ ಬೇಕಿದ್ದವರು ಯಾವುದೇ ಗೇಟಿನ ವಿಸಿಟರ್ ರಿಜಿಸ್ಟರನ್ನು ತೆರೆಯಲಿ. ‘ಬಿ ಬ್ಲಾಕಿನ 304ಕ್ಕೆ ನಿನ್ನೆ ಯಾರು ಬಂದಿದ್ದರು?’ ಎಂದು ಬಾಯಿಬಿಟ್ಟು ಕೇಳಿದರೆ ಸೆಕ್ಯುರಿಟಿಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಹಂಗೆಲ್ಲ ಹೇಳಂಗಿಲ್ಲ ಸಾರ್’ ಎನ್ನುತ್ತಾರೆ. ಹೇಳಿ, ‘ಎಂಟ್ರಿ ಮಾಡಿ’ ಎಂದು ಇಡೀ ರಿಜಿಸ್ಟರನ್ನು ದಾರ ಕಟ್ಟಿದ ಪೆನ್ನಿನ ಸಮೇತ ನಿಮ್ಮ ಮುಂದೆ ತಳ್ಳುತ್ತಾರೆ. ಅದರಲ್ಲಿ 304ಕ್ಕೆ ಬಂದವರ ಹೆಸರು, ಮೊಬೈಲ್ ನಂಬರು, ಗಾಡಿ ನಂಬರು, ಬಂದ ಉದ್ದೇಶ ಎಲ್ಲವೂ ಇವೆ. ಮೇಲಿನ ಹತ್ತು ಸಾಲು ಹತ್ತು ಕುಟುಂಬಗಳ ಕಥೆ. ಸೀರಿಯಲೈಜರಿನಲ್ಲಿ ‘ಆಲ್’ ಎಂಬ ಮಂತ್ರ ಬರೆದರೂ ಇದೇ ಫಲ: ಟೇಬಲ್ಲಿನಲ್ಲಿರುವ ಪ್ರತಿಯೊಂದು ಕಾಲಮ್ಮೂ ಹೊರಗೆ. ಯಾವ ಕಾಲಮ್ಮು ಬೇಕು, ಯಾವುದು ಬೇಡ ಎಂದು ಬಾಯಿಬಿಟ್ಟು ಹೇಳಲೇಬೇಕೆಂದು ಗ್ರಂಥದ 3.3ನೇ ಆವೃತ್ತಿಯಿಂದ ಕಡ್ಡಾಯವಾಯಿತು. ಜನ ಬಾಯಿಬಿಟ್ಟು ‘ಆಲ್’ ಎಂದೇ ಹೇಳಿದರು. 2023ರಲ್ಲಿ ಪಾರ್ಲಿಮೆಂಟು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಾಡಿತು. ಅದು ಡಿಜಿಟಲ್ ದತ್ತಾಂಶಕ್ಕೆ ಸಂಬಂಧಿಸಿದ್ದು. ದಾರ ಕಟ್ಟಿದ ಪೆನ್ನಿನ ತಂಟೆಗೆ ಹೋಗಿಲ್ಲ.

ವ್ಯಾಲಿಡೇಶನ್ (ಬರೆದದ್ದು ಸರಿಯೇ ಎಂಬ ಪರೀಕ್ಷೆ) ಪ್ರಕರಣ ಚಿಕ್ಕದು, ಏಕೆಂದರೆ ಗೇಟಿನಲ್ಲಿ ಅದು ನಡೆಯುವುದಿಲ್ಲ. ‘ಉದ್ದೇಶ’ದ ಕಾಲಮ್ಮಿನಲ್ಲಿ ಮೊದಲನೆಯವನು ‘ಪರ್ಸನಲ್’ ಎಂದು ಬರೆದರೆ ಕೆಳಗಿನವರೆಲ್ಲ ಎರಡು ಚುಕ್ಕಿ ಇಟ್ಟು ‘ಅದೇ’ ಎನ್ನುತ್ತಾರೆ. ಪ್ಲಂಬರೂ ಪರ್ಸನಲ್, ಕೊರಿಯರೂ ಪರ್ಸನಲ್.

ಹೆಸರಿನ ಸೀರಿಯಲೀಕರಣದಲ್ಲಿ ಮಾತ್ರ ಕನ್ನಡಿಗರು ಜಗದ್ಗುರುಗಳು. ಊರು, ತಂದೆ, ತಾನು ಎಂಬ ಮೂರು ಪದರದ ವಸ್ತುವನ್ನು ಎರಡು ಇನಿಷಿಯಲ್ಲು, ಒಂದು ಹೆಸರಾಗಿ ಮಡಿಸಿ ಕಳಿಸುವ ಕಲೆ ನಮ್ಮದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಮೂರೇ ಅಕ್ಷರಗಳ ಕುವೆಂಪು ಆಯಿತು. ಇದಕ್ಕಿಂತ ಬಿಗಿಯಾದ ಸಂಕ್ಷೇಪವನ್ನು ಯಾವ ಜೇಸನ್ ಫಾರ್ಮ್ಯಾಟು ಮಾಡೀತು? ಆದರೆ ಮರಳಿ ಬಿಚ್ಚುವಾಗ ಎಚ್ಚರ ಬೇಕು. ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಇಂಥ ಜ್ಞಾನಪರಂಪರೆಯ ಮನುಷ್ಯ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯ ಫಾರಮ್ಮಿನ ಮುಂದೆ ಕೂತರೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂದು ಕೆಂಪಕ್ಷರ ಬರುತ್ತದೆ. ಅವನು ತಂದೆಯ ಹೆಸರು ಹಾಕುತ್ತಾನೆ. ಮರುದಿನದಿಂದ ಅಮೆರಿಕದ ಮ್ಯಾನೇಜರು ಮೀಟಿಂಗಿನಲ್ಲಿ ಅವನನ್ನು ಅಪ್ಪನ ಹೆಸರಿನಿಂದ ಕರೆದು ಬೈಯುತ್ತಾನೆ. ಊರಿನಲ್ಲಿರುವ ಅಪ್ಪನಿಗೆ ಬಿಕ್ಕಳಿಕೆ.

ಪೀಣ್ಯದ ಚಲನ್ ಪಂಥವನ್ನು ಐಟಿಯವರು ಕೀಳಾಗಿ ಕಾಣುವುದುಂಟು. ಇದು ಅಜ್ಞಾನ. ಅಲ್ಲಿ ಟರ್ನಿಂಗ್ ಆದ ಮಾಲು ಪ್ಲೇಟಿಂಗಿಗೆಂದು ಪಕ್ಕದ ರಸ್ತೆಯ ಶೆಡ್ಡಿಗೆ ಹೋಗಬೇಕಾದರೆ ಡೆಲಿವರಿ ಚಲನ್ ಬೇಕು, ಅದೂ ಮೂರು ಪ್ರತಿ: ಮೊದಲನೆಯದು ಮಾಲು ಪಡೆಯುವವನಿಗೆ, ಎರಡನೆಯದು ಸಾಗಿಸುವವನಿಗೆ, ಮೂರನೆಯದು ಕಳಿಸಿದವನಿಗೆ. ಮಾಲು ಹೋಗುತ್ತದೆ, ಬೇರೆ ರೂಪದಲ್ಲಿ ಹೊಳೆಯುತ್ತ ಮರಳಿ ಬರುತ್ತದೆ, ಚಲನ್ ತಾಳೆಯಾಗುತ್ತದೆ. ಹೋಗಿ ಬರುವ ಈ ಪೂರ್ಣ ಚಕ್ರವೇ ಸೀರಿಯಲೈಜರಿನ ಆದರ್ಶ. ಜಾಬ್ ವರ್ಕಿಗೆ ಹೋದ ಕಚ್ಚಾಮಾಲು ಒಂದು ವರ್ಷದಲ್ಲಿ, ಯಂತ್ರಗಳಂಥವು ಮೂರು ವರ್ಷದಲ್ಲಿ ಬರಬೇಕೆಂದು ಜಿಎಸ್‌ಟಿ ಕಾಯ್ದೆಯ 143ನೇ ಕಲಮು ಹೇಳುತ್ತದೆ. ಮೋಲ್ಡು, ಡೈ, ಜಿಗ್ಗು, ಫಿಕ್ಸ್‌ಚರುಗಳಿಗೆ ಮಾತ್ರ ಆ ಗಡುವಿಲ್ಲ. ಕೊಟ್ಟ ಡೈ ವಾಪಸು ಬರುವುದಿಲ್ಲವೆಂಬ ಲೋಕಾನುಭವ ಕಾನೂನು ಬರೆದವರಿಗೂ ಇತ್ತೆಂದು ಕಾಣುತ್ತದೆ. ವೈಟ್‌ಫೀಲ್ಡಿನ ಎಂಜಿನಿಯರು ಕಳಿಸಿದ ದತ್ತಾಂಶ ಎಲ್ಲಿಗೆ ಹೋಯಿತು, ಯಾವಾಗ ಬಂದೀತು ಎಂದು ಕೇಳಿ ನೋಡಿ. ಲಾಗ್ ನೋಡಬೇಕು ಎನ್ನುತ್ತಾನೆ. ಪೀಣ್ಯದ ಸ್ಟೋರ್ ಕೀಪರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೂರನೇ ಪ್ರತಿ ತೋರಿಸುತ್ತಾನೆ.

ಅನುಮತಿಗಳನ್ನು ‘ಮತ್ತು’, ‘ಅಥವಾ’ಗಳಿಂದ ಜೋಡಿಸುವ ಸೌಲಭ್ಯ ಗ್ರಂಥದ 3.9ನೇ ಆವೃತ್ತಿಯಲ್ಲಿ, 2018ರಲ್ಲಿ ಬಂತು. ಗೇಟಿನಲ್ಲಿ ಅದು ಮೊದಲಿನಿಂದಲೂ ಇದೆ: ಸ್ಟಿಕ್ಕರ್ ಇರುವ ಕಾರು, ಅಥವಾ ಕಾರೇ ಸಾಕಷ್ಟು ದೊಡ್ಡದು. ದೊಡ್ಡ ಕಾರಿನ ಗಾಜು ಇಳಿಯುವುದಿಲ್ಲ, ಬೂಮ್ ಬ್ಯಾರಿಯರ್ ತಾನೇ ಏಳುತ್ತದೆ, ಜೊತೆಗೊಂದು ಸೆಲ್ಯೂಟು. ಬಾಟಲಿ ಮಾರಲು ಬಂದವನಿಗಲ್ಲ, ಅದೇ ಕಟ್ಟಡದಲ್ಲಿ ಆರು ವರ್ಷದಿಂದ ನೆಲ ಒರೆಸುವ ಹೆಂಗಸಿಗೆ ಮಾತ್ರ ಹೋಗುವಾಗ ಬರುವಾಗ ಬ್ಯಾಗು ತೆರೆದು ತೋರಿಸುವ ವಿಧಿ. ‘ದಿನಾ ನೋಡ್ತೀಯಲ್ಲಣ್ಣ’ ಎಂದರೆ ‘ರೂಲ್ಸ್ ಅಕ್ಕ’ ಎಂಬ ಉತ್ತರ. ಅಣ್ಣನ ಬ್ಯಾಗನ್ನು ಅವನ ಸೂಪರ್‌ವೈಜರು ಶಿಫ್ಟ್ ಮುಗಿದ ಮೇಲೆ ತೆರೆಸುತ್ತಾನೆ. ಸೂತ್ರ ಸ್ಪಷ್ಟ: ತಪಾಸಣೆಯ ಆಳ ಸಂಬಳಕ್ಕೆ ವಿಲೋಮ.

ಕಡೆಯದಾಗಿ ಟೋಕನ್ ಎಂಬ ಪಾಸಿನ ವಿಚಾರ. ಫ್ರೇಮ್‌ವರ್ಕಿನ ಜೊತೆಗೇ ಬರುವ ಸರಳ ಟೋಕನ್ನಿಗೆ ಅವಧಿ ಮುಗಿಯುವುದೆಂಬುದಿಲ್ಲ. ಒಮ್ಮೆ ಕೊಟ್ಟರೆ ಅಳಿಸುವವರೆಗೂ ಚಿರಂಜೀವಿ. ರಿಜಿಸ್ಟರಿನಲ್ಲೂ ‘ಔಟ್ ಟೈಮ್’ ಕಾಲಮ್ಮು ಪುಟಗಟ್ಟಲೆ ಖಾಲಿ. ಆದ್ದರಿಂದ ಶಾಸ್ತ್ರೀಯವಾಗಿ, ಒಳಗೆ ಹೋದವರೆಲ್ಲ ಇನ್ನೂ ಒಳಗೇ ಇದ್ದಾರೆ. ಹಾಗಿದ್ದರೆ ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಲ್ಲಿ ಹಾರ್ನ್ ಒತ್ತುತ್ತಿರುವವರು ಯಾರು ಎಂಬುದು ಪೂರ್ವಪಕ್ಷದವರ ಆಕ್ಷೇಪ. ಸಿದ್ಧಾಂತಿಗಳ ಉತ್ತರ: ಅವರು ಬೆಳಗ್ಗೆ ಹೊರಟವರು, ಇನ್ನೂ ಗೇಟು ಮುಟ್ಟಿಲ್ಲ.