ಅಜ್ಜ ಕುಡಿಸಿದ ಹಾಲು

ಒಂದು ಸೆಮಿಸ್ಟರ್ ಓದಲೆಂದು ಇಟಲಿಯ ಬೊಲೊನ್ಯಾಕ್ಕೆ ಹೋದ ಮೊದಲ ಬೆಳಗ್ಗೆ, ಬೆಂಗಳೂರಿನ ಮಾಲ್‌ಗಳಲ್ಲಿ ಕಲಿತ ಗತ್ತಿನಲ್ಲೇ ‘ಒಂದು ಲಾಟೆ’ ಎಂದೆ. ಕೌಂಟರಿನ ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಲೋಟ ಹಾಲು ತಂದಿಟ್ಟ. ಬರೀ ಹಾಲು! ಅಲ್ಲಿ ‘ಲಾತ್ತೆ’ ಎಂದರೆ ಹಾಲೇ ಅಂತೆ. ಅಮ್ಮ ಇಪ್ಪತ್ತು ವರ್ಷ ಗದರಿದರೂ ಕುಡಿಯದವನು ಅಜ್ಜನ ಒಂದೇ ನೋಟಕ್ಕೆ ಗಟಗಟ ಕುಡಿದೆ. ಮಧ್ಯಾಹ್ನ ಊಟದ ಮೇಲೆ ಕಪುಚಿನೊ ಕೇಳಿದೆ ನೋಡಿ, ಮದುವೆಮನೆಯಲ್ಲಿ ಪಾಯಸಕ್ಕೆ ಉಪ್ಪಿನಕಾಯಿ ಕೇಳಿದವನನ್ನು ನೋಡುವ ಹಾಗೆ ನೋಡಿದರು. ಪೆಪೆರೋನಿ ಪಿಜ್ಜಾ ಬೇಕೆಂದ ಗೆಳೆಯನಿಗೆ ಬಂದದ್ದು ದೊಣ್ಣೆಮೆಣಸಿನಕಾಯಿ. ಮಾಂಸದ ಆಸೆಯಲ್ಲಿದ್ದ ಅವನಿಗೆ ಅಳು, ಸಸ್ಯಾಹಾರಿ ನನಗೆ ಹಬ್ಬ.

ಊರ ನಡುವೆ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವಿದೆ. ಓದು ಮುಗಿಯುವ ಮೊದಲೇ ಅದನ್ನು ಹತ್ತಿದ ವಿದ್ಯಾರ್ಥಿಗೆ ಪದವಿ ದಕ್ಕದೆಂಬ ನಂಬಿಕೆ. ಬೆಕ್ಕು ಅಡ್ಡ ಬಂದರೆ ನಿಲ್ಲುವ ಅಜ್ಜಿಯನ್ನು ಗೇಲಿ ಮಾಡಿದ ನಾನು, ಆ ಬಾಗಿಲಿಗೆ ಹತ್ತು ಮಾರು ದೂರದಲ್ಲೇ ಓಡಾಡಿದೆ.

ಫಲ ಸಿಕ್ಕಿತು. ಅಲ್ಲಿ ಮೂವತ್ತಕ್ಕೆ ಹದಿನೆಂಟು ಬಂದರೆ ಪಾಸು. ‘ಹದಿನೆಂಟು ಬಂತಪ್ಪಾ!’ ಎಂದು ಫೋನಿನಲ್ಲಿ ಕೂಗಿದೆ. ‘ಮೂವತ್ತಕ್ಕೆ’ ಅನ್ನುವಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿತ್ತು.

‘ಅಲ್ವೋ, ಹಾಲು ಕುಡೀತಿದ್ದೀಯಾ?’